ಬಾಟಲಿಯೊಳಗಿನ ಮಾವು, ಸುಗಂಧರಾಜ: ಎಷ್ಟು ಕೆ.ಜಿ., ಎಷ್ಟು ರೂಪಾಯಿ, ಎಷ್ಟು ಗಂಟೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಸುಮಾರು 35,000 ಹೆಕ್ಟೇರ್‌ ಮಾವಿನ ತೋಟಗಳಿವೆ. ವರ್ಷದ ಇಳುವರಿ ಸುಮಾರು 3 ಲಕ್ಷ ಟನ್. ಅದೇ ಜಿಲ್ಲೆಯ ರಾಯಕೋಟೆ, ಕೆಲಮಂಗಲ, ಹೊಸೂರು ಸುತ್ತಲಿನ ಹೊಲಗಳಿಂದ ಟೊಮೆಟೊ ಜತೆಗೆ ಗುಲಾಬಿ, ಸೇವಂತಿಗೆ, ಮಲ್ಲಿಗೆ, ಸುಗಂಧರಾಜ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತವೆ. ಹಣ್ಣು ಮತ್ತು ಹೂವಿನ ವಾಸನೆಗಳನ್ನು ಬೆರೆಸಿದ ಪರ್ಫ್ಯೂಮ್‌ಗೆ ವ್ಯಾಪಾರದಲ್ಲಿ ‘ಫ್ರೂಟಿ ಫ್ಲೋರಲ್’ ಎಂದು ಹೆಸರು. ಈ ಜಿಲ್ಲೆಯ ಎರಡು ಮುಖ್ಯ ಬೆಳೆಗಳ ಹೆಸರಿನಲ್ಲಿ ಅದು ಮಾರಾಟವಾಗುತ್ತದೆ. ಬಾಟಲಿಗೆ ಸೇರುವ ತೂಕವನ್ನು ನೋಡಿದರೆ ಮಾತ್ರ ಮಾವಿನ ಪಾಲು ಹೆಚ್ಚುಕಡಿಮೆ ಸೊನ್ನೆ, ಹೂವಿನ ಪಾಲು ಗ್ರಾಂಗಳಲ್ಲಿ. ಬೆಲೆ ಮತ್ತು ಬಾಳಿಕೆಯ ಲೆಕ್ಕ ಈ ಎರಡು ಅಂಶಗಳಿಂದ ಹೊರಡುತ್ತದೆ.

ಮಾದರಿಯಾಗಿ ಒಂದು ಬಾಟಲಿ

ಪ್ಯಾರಿಸ್‌ನ ನೀಲಾ ವರ್ಮೇರ್ ಕ್ರಿಯೇಷನ್ಸ್ 2011ರಲ್ಲಿ ಮೂರು ಪರ್ಫ್ಯೂಮ್‌ಗಳನ್ನು ಹೊರತಂದಿತು. ಅವುಗಳಲ್ಲಿ ಒಂದರ ಹೆಸರು ‘ಬಾಂಬೆ ಬ್ಲಿಂಗ್’. ಸಂಸ್ಥೆಯನ್ನು ಕಟ್ಟಿದವರು ಭಾರತ ಮೂಲದವರು. ಸುಗಂಧ ಸಂಯೋಜಕ ಬರ್ಟ್ರಾಂಡ್ ದುಶೋಫೂರ್. ಸಂಸ್ಥೆ ಪ್ರಕಟಿಸಿದ ವಾಸನೆಗಳ ಪಟ್ಟಿಯಲ್ಲಿ ಮೊದಲು ಬರುವುದು ಮಾವು, ಲಿಚಿ, ಕಪ್ಪು ಕರಂಟ್. ನಂತರ ಮಲ್ಲಿಗೆ, ಸುಗಂಧರಾಜ, ಗುಲಾಬಿ, ದೇವಕಣಗಿಲೆ. ಕೊನೆಯಲ್ಲಿ ಶ್ರೀಗಂಧ, ದೇವದಾರು, ವೆನಿಲ್ಲಾ. ಮಾವು, ಸುಗಂಧರಾಜ, ಶ್ರೀಗಂಧ ಮೂರೂ ಹೊಸೂರು–ಮೈಸೂರು ನಡುವಿನ ನೆಲದಲ್ಲಿ ಬೆಳೆಯುವಂಥವು.

ಇಂಥ ಪರ್ಫ್ಯೂಮ್‌ಗಳನ್ನು ‘ನೀಶ್’ ಎನ್ನುತ್ತಾರೆ: ಉಡುಪಿನ ಅಥವಾ ಸೌಂದರ್ಯವರ್ಧಕಗಳ ದೊಡ್ಡ ಬ್ರ್ಯಾಂಡಿಗೆ ಸೇರದ, ಕೆಲವೇ ಅಂಗಡಿಗಳಲ್ಲಿ ಸಿಗುವ, ಸುಗಂಧವನ್ನೇ ಕಸುಬಾಗಿಸಿಕೊಂಡ ಸಣ್ಣ ಸಂಸ್ಥೆಗಳ ಸರಕು. ಅವುಗಳ ಸೂತ್ರ ವ್ಯಾಪಾರದ ಗುಟ್ಟು. ಆದ್ದರಿಂದ ಮುಂದಿನ ಲೆಕ್ಕಗಳು ಯಾವುದೇ ಒಂದು ಬ್ರ್ಯಾಂಡಿನವಲ್ಲ, 50 ಮಿ.ಲೀ.ನ ಒಂದು ಮಾದರಿ ಬಾಟಲಿಯವು. ಎಲ್ಲೆಲ್ಲಿ ಅಂದಾಜು ಇದೆಯೋ ಅಲ್ಲಲ್ಲಿ ಅದನ್ನು ಹೇಳಲಾಗಿದೆ.

ಹಣ್ಣು: 3 ಲಕ್ಷ ಟನ್, ಸೊನ್ನೆ ಗ್ರಾಂ

ಮಾವಿನ ಹಣ್ಣಿನ ತೂಕದಲ್ಲಿ ಶೇ 80ಕ್ಕೂ ಹೆಚ್ಚು ನೀರು. ಉಳಿದುದರಲ್ಲಿ ಸಕ್ಕರೆ, ನಾರು, ಆಮ್ಲ. ವಾಸನೆ ಕೊಡುವುದು ಗಾಳಿಗೆ ಹಾರುವ ರಾಸಾಯನಿಕಗಳು. ಕ್ಯೂಬಾದಲ್ಲಿ ಬೆಳೆದ 20 ತಳಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಂಥ 372 ರಾಸಾಯನಿಕಗಳನ್ನು ಗುರುತಿಸಿತು. ಅವೆಲ್ಲವನ್ನೂ ಕೂಡಿದರೆ ಒಂದು ಕೆ.ಜಿ. ಹಣ್ಣಿಗೆ ಸಿಕ್ಕಿದ್ದು ತಳಿಯನ್ನು ಅನುಸರಿಸಿ ಸುಮಾರು 18ರಿಂದ 123 ಮಿ.ಗ್ರಾಂ.

ಈ ಪ್ರಮಾಣದಲ್ಲಿ ಒಂದು ಕೆ.ಜಿ. ವಾಸನೆಗೆ 8.1 ಟನ್‌ನಿಂದ 55.6 ಟನ್ ಹಣ್ಣು ಬೇಕು. ಅದೂ ಒಂದು ಹನಿ ಪೋಲಾಗದಿದ್ದರೆ. ಕೃಷ್ಣಗಿರಿಯ ತಳಿಗಳಲ್ಲೂ ಇದೇ ಮಟ್ಟ ಇದೆ ಎಂದುಕೊಂಡರೆ, ಇಡೀ ಜಿಲ್ಲೆಯ 3 ಲಕ್ಷ ಟನ್ ಮಾವಿನ ಒಟ್ಟು ವಾಸನೆಯ ತೂಕ 5.4 ಟನ್‌ನಿಂದ 36.9 ಟನ್. ಕೆಳಗಿನ ಅಂಕಿ ಒಂದು ಲಾರಿಯ ಹೊರೆ. ಮೇಲಿನದು ನಾಲ್ಕೈದು ಲಾರಿಯದು.

ಹಣ್ಣಿನ ಬೆಲೆ ಕುಸಿದರೂ ಈ ಲೆಕ್ಕ ಕೂಡಿಬರುವುದಿಲ್ಲ. 2025ರ ಹಂಗಾಮಿನಲ್ಲಿ ತೋತಾಪುರಿ ಬೆಲೆ ಬಿದ್ದಾಗ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲ್‌ಗೆ ₹1,616ರ ದರ ನಿಗದಿ ಮಾಡಿ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಕೆ.ಜಿ.ಗೆ ₹16.16. ಈ ದರದಲ್ಲಿ ಒಂದು ಕೆ.ಜಿ. ವಾಸನೆಗೆ ಹಣ್ಣಿನ ಖರ್ಚೇ ₹1.31 ಲಕ್ಷದಿಂದ ₹8.98 ಲಕ್ಷ. ಹಣ್ಣಿನ ವಾಸನೆ ಕೊಡುವ ಕೃತಕ ರಾಸಾಯನಿಕಗಳು ಕೆ.ಜಿ.ಗೆ ಸಾವಿರದ ಲೆಕ್ಕದಲ್ಲಿ ಸಿಗುತ್ತವೆ.

ಆದ್ದರಿಂದ ಪರ್ಫ್ಯೂಮ್‌ನ ಮಾವು ಕಾರ್ಖಾನೆಯಲ್ಲಿ ಹುಟ್ಟುತ್ತದೆ. ಸಂಯೋಜಕರು ಅದನ್ನು ಮೂರು ಬಗೆಯ ಸಾಮಗ್ರಿಯಿಂದ ಕಟ್ಟುತ್ತಾರೆ. ಮೊದಲನೆಯದು ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೊಹಾಲ್ ಸೇರಿ ಆಗುವ ಸಂಯುಕ್ತ. ರಸಭರಿತ ಹಣ್ಣಿನ ಮೊದಲ ಪರಿಮಳ ಅದರದು. ಎರಡನೆಯದು ಗಂಧಕವಿರುವ ಅಣುಗಳು. ಕಪ್ಪು ಕರಂಟ್ ಮತ್ತು ಮಾವಿನ ತೊಟ್ಟಿನ ಬಳಿಯ ಸೊನೆಯಂಥ ಘಾಟು ಅವುಗಳದು. ಮೂರನೆಯದು ಲ್ಯಾಕ್ಟೋನ್, ಅಂದರೆ ಉಂಗುರದಂತೆ ಸುತ್ತಿಕೊಂಡ ಎಸ್ಟರ್. ಪೀಚ್, ತೆಂಗಿನಕಾಯಿ, ಕೆನೆಯ ವಾಸನೆ ಅದರದು.

ಲ್ಯಾಕ್ಟೋನ್‌ಗಳ ಇತಿಹಾಸ ನೂರು ವರ್ಷಕ್ಕೂ ಹಿಂದಿನದು. ಪೀಚ್ ವಾಸನೆಯ ಗಾಮಾ ಅಂಡೆಕಲ್ಯಾಕ್ಟೋನ್ 1908ರಲ್ಲಿ ತಯಾರಾಯಿತು. ಜಾಕ್ ಗೆರ್ಲಾಂ 1919ರ ‘ಮಿತ್ಸುಕೊ’ದಲ್ಲಿ ಅದನ್ನು ಬಳಸಿದ ಮೇಲೆ ಹೂವಿನ ಪರ್ಫ್ಯೂಮ್‌ಗೆ ಹಣ್ಣು ಸೇರಿಸುವ ಪದ್ಧತಿ ಬೇರೂರಿತು. ವ್ಯಾಪಾರದಲ್ಲಿ ಇಂದಿಗೂ ಅದರ ಹೆಸರು ‘ಆಲ್ಡಿಹೈಡ್ ಸಿ–14’. ಅದು ಆಲ್ಡಿಹೈಡ್ ಅಲ್ಲ. ಅದರಲ್ಲಿರುವ ಇಂಗಾಲದ ಪರಮಾಣುಗಳು 14 ಅಲ್ಲ, 11. ತೆಂಗಿನಕಾಯಿ ವಾಸನೆಯ ‘ಸಿ–18’ರಲ್ಲಿ ಇರುವುದು 9.

ಹೂವು: ಒಂದು ಕೆ.ಜಿ.ಗೆ ನಾಲ್ಕೈದು ಸಾವಿರ ಕೆ.ಜಿ.

ಹೂವಿನ ಕತೆ ಬೇರೆ. ಮಲ್ಲಿಗೆ, ಸುಗಂಧರಾಜದ ಪರಿಮಳವನ್ನು ಹಬೆಯಿಂದ ಬಟ್ಟಿ ಇಳಿಸಿ ಚೆನ್ನಾಗಿ ತೆಗೆಯಲು ಆಗುವುದಿಲ್ಲ. ಹೂವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಆವಿಯಾಗಿಸಿದರೆ ಮೇಣದಂಥ ಮುದ್ದೆ ಉಳಿಯುತ್ತದೆ. ಇದು ‘ಕಾಂಕ್ರೀಟ್’. ಅದನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ, ತಣಿಸಿ, ಮೇಣ ಸೋಸಿ, ಆಲ್ಕೊಹಾಲ್ ತೆಗೆದರೆ ಸಿಗುವ ದ್ರವ ‘ಅಬ್ಸೊಲ್ಯೂಟ್’. ದಕ್ಷಿಣದಲ್ಲಿ ಸತ್ಯಮಂಗಲ ಮತ್ತು ಮಧುರೈ–ದಿಂಡಿಗಲ್ ಪ್ರದೇಶಗಳಲ್ಲಿ ಇಂಥ ಕಾರ್ಖಾನೆಗಳಿವೆ.

ಕಾಂಕ್ರೀಟ್ ಇಳುವರಿ ಹೂವಿನ ತೂಕದಲ್ಲಿ ಜಾಜಿಗೆ ಶೇ 0.25–0.32, ದುಂಡುಮಲ್ಲಿಗೆಗೆ ಶೇ 0.14–0.19, ಸುಗಂಧರಾಜಕ್ಕೆ ಶೇ 0.08–0.11. ಅಂದರೆ ಒಂದು ಕೆ.ಜಿ. ಕಾಂಕ್ರೀಟ್‌ಗೆ ಜಾಜಿ 313–400 ಕೆ.ಜಿ., ದುಂಡುಮಲ್ಲಿಗೆ 526–714 ಕೆ.ಜಿ., ಸುಗಂಧರಾಜ 909–1,250 ಕೆ.ಜಿ. ಬೇಕು. ಒಂದೇ ತೂಕದ ಹೂವಿನಿಂದ ಸುಗಂಧರಾಜ ಕೊಡುವುದು ಜಾಜಿಯ ಮೂರನೇ ಒಂದು ಪಾಲು.

ಎರಡನೆಯ ಹಂತದಲ್ಲಿ ಅಂತರ ಇನ್ನೂ ಹಿಗ್ಗುತ್ತದೆ. ಜಾಜಿ ಕಾಂಕ್ರೀಟ್‌ನಲ್ಲಿ ಸುಮಾರು ಅರ್ಧ ಅಬ್ಸೊಲ್ಯೂಟ್ ಆಗುತ್ತದೆ. ಸುಗಂಧರಾಜದ ಕಾಂಕ್ರೀಟ್‌ನಲ್ಲಿ ಮೇಣವೇ ಹೆಚ್ಚು. ಅಬ್ಸೊಲ್ಯೂಟ್ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು. ಕಾಂಕ್ರೀಟ್ ಇಳುವರಿ ಶೇ 0.1 ಎಂದು ಹಿಡಿದರೆ ಒಂದು ಕೆ.ಜಿ. ಸುಗಂಧರಾಜ ಅಬ್ಸೊಲ್ಯೂಟ್‌ಗೆ 4,000ದಿಂದ 5,000 ಕೆ.ಜಿ. ಹೂವು ಬೇಕು. ಮುಂದಿನ ಲೆಕ್ಕಗಳಿಗೆ ನಡುವಿನ ಅಂಕಿ 4,500 ಕೆ.ಜಿ.

ಹೊಲದ ಕಡೆಯಿಂದ ನೋಡಿದರೂ ಲೆಕ್ಕ ತಾಳೆಯಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಶೃಂಗಾರ್’ ತಳಿಯ ಬಿಡಿ ಹೂವಿನ ಇಳುವರಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 15 ಟನ್. ಎಕರೆಗೆ ಸುಮಾರು 6 ಟನ್. ಒಂದು ಎಕರೆಯ ಇಡೀ ವರ್ಷದ ಹೂವು ಕಾರ್ಖಾನೆಗೆ ಹೋದರೆ ಸಿಗುವ ಅಬ್ಸೊಲ್ಯೂಟ್ 1.3 ಕೆ.ಜಿ. ಒಂದೂವರೆ ಲೀಟರ್‌ನ ನೀರಿನ ಬಾಟಲಿ ತುಂಬಲಿಕ್ಕೂ ಸಾಲದು.

ಕೊಯ್ಲಿನ ಹೊತ್ತೂ ಬೇರೆ. ಹಾರಕ್ಕೆ ಹೋಗುವ ಸುಗಂಧರಾಜವನ್ನು ಬಿರಿಯುವ ಮುನ್ನ ಮೊಗ್ಗಾಗಿ ಕಿತ್ತರೆ ಸಾಗಣೆಗೆ ತಾಳುತ್ತದೆ. ಕಾಂಕ್ರೀಟ್‌ಗೆ ಬೇಕಾದದ್ದು ಬಿರಿದ ಹೂವು. ಅದನ್ನು ಬೆಳಗಿನ ಜಾವ ಕಿತ್ತು ಕೂಡಲೇ ಕಾರ್ಖಾನೆ ಮುಟ್ಟಿಸಬೇಕು. ಒಂದು ಮಾರುಕಟ್ಟೆಗೆಂದು ಕಿತ್ತ ಹೂವು ಇನ್ನೊಂದಕ್ಕೆ ಅಷ್ಟೇ ಒಗ್ಗುವುದಿಲ್ಲ.

30 ಮಿ.ಲೀ.ಗೆ 10,600 ಹೂವು

ಹೂವಿನ ಲೆಕ್ಕವನ್ನೇ ಜಾಹೀರಾತು ಮಾಡಿಕೊಂಡ ಪರ್ಫ್ಯೂಮ್ ಫ್ರಾನ್ಸಿನ ಜಾಂ ಪಾತು ಸಂಸ್ಥೆಯ ‘ಜಾಯ್’. ಜಗತ್ತಿನ ಆರ್ಥಿಕ ಕುಸಿತದ ಕಾಲದಲ್ಲಿ, 1930ರ ಸುಮಾರಿಗೆ ಹೊರಬಂದ ಅದನ್ನು ‘ಜಗತ್ತಿನ ಅತಿ ದುಬಾರಿ ಪರ್ಫ್ಯೂಮ್’ ಎಂದು ಮಾರಲಾಯಿತು. ಒಂದು ಔನ್ಸ್‌ಗೆ, ಅಂದರೆ ಸುಮಾರು 30 ಮಿ.ಲೀ.ಗೆ, 10,600 ಮಲ್ಲಿಗೆ ಮತ್ತು 28 ಡಜನ್ ಗುಲಾಬಿ ಬೇಕೆಂಬುದು ಸಂಸ್ಥೆಯ ಹೇಳಿಕೆ.

ಆ ಮಲ್ಲಿಗೆಯನ್ನು ಜಾಜಿ ಎಂದು ಹಿಡಿದು ಅದನ್ನು ಒರೆಗೆ ಹಚ್ಚಬಹುದು. ಒಂದು ಕೆ.ಜಿ. ಜಾಜಿಯಲ್ಲಿ ಸುಮಾರು 8,000 ಹೂವಿರುತ್ತವೆ. 10,600 ಹೂವೆಂದರೆ 1.3 ಕೆ.ಜಿ. ಶೇ 0.3ರ ದರದಲ್ಲಿ 4 ಗ್ರಾಂ ಕಾಂಕ್ರೀಟ್, ಅದರ ಅರ್ಧ 2 ಗ್ರಾಂ ಅಬ್ಸೊಲ್ಯೂಟ್. 30 ಮಿ.ಲೀ. ಪರ್ಫ್ಯೂಮ್‌ನ ತೂಕ ಸುಮಾರು 26 ಗ್ರಾಂ. ಮಲ್ಲಿಗೆಯ ಪಾಲು ಶೇ 8ರ ಹತ್ತಿರ. ಇದು ಸಾಧ್ಯವಿರುವ ಅಂಕಿಯೇ. ಇಂದು ಅಷ್ಟು ಹಾಕುವುದು ಕಷ್ಟ: ಚರ್ಮದ ಅಲರ್ಜಿಯ ಕಾರಣಕ್ಕೆ ಅಂತರರಾಷ್ಟ್ರೀಯ ಸುಗಂಧ ಸಂಘವು ಮಲ್ಲಿಗೆ ಅಬ್ಸೊಲ್ಯೂಟ್‌ಗೆ ಮಿತಿ ಹಾಕಿದೆ.

ಉಡುಪಿಯ ಶಂಕರಪುರ ಮಲ್ಲಿಗೆಯ ಅಳತೆಯಲ್ಲಿ 800 ಹೂವು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. 10,600 ಹೂವೆಂದರೆ 13 ಚೆಂಡು, 200 ಹೂವು. ಮೂರು ಅಟ್ಟೆಗಿಂತ ಸ್ವಲ್ಪ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಗರಿಷ್ಠ ದರ ಅಟ್ಟೆಗೆ ₹2,100. ಆ ದರದಲ್ಲಿ ಇಷ್ಟು ಹೂವಿನ ಬೆಲೆ ₹6,956. ಉಡುಪಿಯದು ಬೇರೆ ಜಾತಿಯ ಮಲ್ಲಿಗೆ. ಅದರ ಕಾಂಕ್ರೀಟ್ ಇಳುವರಿಯೂ ಕಡಿಮೆ. ಮುಡಿಗೆ ಹೋಗುವ ಹೂವಿನ ದರದಲ್ಲಿ ಯಾವ ಕಾರ್ಖಾನೆಯೂ ಅಬ್ಸೊಲ್ಯೂಟ್ ತೆಗೆಯಲಾರದು ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಹೂವಿನೊಳಗೇ ಇರುವ ಹಣ್ಣು

ಹಣ್ಣಿಗೂ ಹೂವಿಗೂ ರಸಾಯನದಲ್ಲಿ ಗೋಡೆ ಇಲ್ಲ. ದುಂಡುಮಲ್ಲಿಗೆಯಲ್ಲಿ ಮಿಥೈಲ್ ಆಂಥ್ರನಿಲೇಟ್ ಎಂಬ ಅಣು ಇದೆ. ಬಿಡಿಯಾಗಿ ಮೂಸಿದರೆ ಅದು ದ್ರಾಕ್ಷಿ ಸೋಡಾದ ವಾಸನೆ. ಜಾಜಿಯಲ್ಲಿ ಅದರ ಪಾಲು ಶೇ 1ಕ್ಕಿಂತ ಕಡಿಮೆ, ದುಂಡುಮಲ್ಲಿಗೆಯಲ್ಲಿ ಅದರ ಹಲವು ಪಟ್ಟು. ಜಾಜಿಯಲ್ಲಿ ಹೆಚ್ಚಿರುವುದು ಇಂಡೋಲ್, ಶೇ 2–3ರಷ್ಟು. ಬಾಡಿದ ಮಲ್ಲಿಗೆಯ ಭಾರವಾದ ವಾಸನೆ ಅದರದು. ಹಣ್ಣಿನ ಜತೆ ಸೇರಿಸಲು ಸಂಯೋಜಕರು ಜಾಜಿಗಿಂತ ದುಂಡುಮಲ್ಲಿಗೆಯ ಕಡೆ ವಾಲುವುದಕ್ಕೆ ಇದು ಕಾರಣ. ಸುಗಂಧರಾಜದಲ್ಲಿ ಪೀಚ್ ಮತ್ತು ತೆಂಗಿನಕಾಯಿ ವಾಸನೆಯ ಲ್ಯಾಕ್ಟೋನ್‌ಗಳು ಸಹಜವಾಗಿಯೇ ಇವೆ.

ಗುಲಾಬಿಯ ಅಂಕಿ ಇನ್ನೂ ಸ್ಪಷ್ಟ. ಡಮಾಸ್ಕಸ್ ಗುಲಾಬಿಯ ಎಣ್ಣೆಯಲ್ಲಿ ಬೀಟಾ ಡಮಾಸ್ಕೆನೋನ್ ಎಂಬ ಅಣುವಿನ ಪಾಲು ಶೇ 0.14. ಮೂಗಿಗೆ ತಟ್ಟುವ ಶಕ್ತಿಯ ಲೆಕ್ಕದಲ್ಲಿ ಅದರ ಪಾಲು ಸುಮಾರು ಶೇ 70. ನೀರಿನಲ್ಲಿ 100 ಕೋಟಿಗೆ 0.002 ಪಾಲಿದ್ದರೂ ಮನುಷ್ಯ ಅದನ್ನು ಗುರುತಿಸಬಲ್ಲ. ಅದರ ವಾಸನೆ ಬೇಯಿಸಿದ ಸೇಬು ಮತ್ತು ಪ್ಲಮ್ ಹಣ್ಣಿನದು. ಗುಲಾಬಿಯ ‘ಗುಲಾಬಿತನ’ದ ದೊಡ್ಡ ಪಾಲು ಹಣ್ಣಿನದೇ.

ಈ ಲಾಭ ಹೊಸೂರಿನ ಗುಲಾಬಿಗೆ ಸಿಗುವುದಿಲ್ಲ. ಇಲ್ಲಿನ ಪಾಲಿಹೌಸ್‌ಗಳಲ್ಲಿ ಬೆಳೆಯುವುದು ಉದ್ದ ಕಾಂಡದ, ಹೂದಾನಿಯಲ್ಲಿ ದಿನಗಟ್ಟಲೆ ಉಳಿಯುವ ತಳಿಗಳು. ಕಾಂಡದ ಉದ್ದ, ಬಣ್ಣ ಮತ್ತು ಬಾಳಿಕೆಗಾಗಿ ಆರಿಸಿದ ಈ ತಳಿಗಳಲ್ಲಿ ಎಣ್ಣೆ ತೆಗೆಯುವಷ್ಟು ಪರಿಮಳ ಉಳಿದಿಲ್ಲ. ಡಮಾಸ್ಕಸ್ ಗುಲಾಬಿಯಲ್ಲೇ ಒಂದು ಕೆ.ಜಿ. ಎಣ್ಣೆಗೆ ಸುಮಾರು 4,000 ಕೆ.ಜಿ. ಹೂವು ಬೇಕು.

ಮೈಮೇಲೆ ಎಷ್ಟು ಹೊತ್ತು

ಪರ್ಫ್ಯೂಮ್ ಬಾಳುವ ಹೊತ್ತನ್ನು ನಿರ್ಧರಿಸುವ ಮುಖ್ಯ ಅಂಕಿ ಆವಿ ಒತ್ತಡ: ದ್ರವವೊಂದು ಎಷ್ಟು ಬೇಗ ಗಾಳಿಗೆ ಹಾರುತ್ತದೆ ಎಂಬುದರ ಅಳತೆ. ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಣ್ಣಿನ ಎಸ್ಟರ್ ಆದ ಈಥೈಲ್ ಬ್ಯುಟಿರೇಟ್‌ನದು ಸುಮಾರು 13. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನದು 1.5. ಮಲ್ಲಿಗೆಯ ಬೆಂಜೈಲ್ ಅಸಿಟೇಟ್‌ನದು 0.17. ಕೊನೆಗೆ ಉಳಿಯುವ ತಳದ ಪದರದಲ್ಲಿ ಬಳಸುವ ಕೃತಕ ಕಸ್ತೂರಿ ಗ್ಯಾಲಕ್ಸೊಲೈಡ್‌ನದು 0.0005. ಹಣ್ಣಿನ ಎಸ್ಟರ್ ಮಲ್ಲಿಗೆಯ ಅಣುವಿಗಿಂತ 76 ಪಟ್ಟು, ಕಸ್ತೂರಿಗಿಂತ 26,000 ಪಟ್ಟು ಹಾರುವ ಗುಣದ್ದು.

ಅಣುವಿನ ತೂಕವೂ ಅದೇ ಕ್ರಮದಲ್ಲಿದೆ. ಈಥೈಲ್ ಬ್ಯುಟಿರೇಟ್ 116, ಬೆಂಜೈಲ್ ಅಸಿಟೇಟ್ 150, ಪೀಚ್ ಲ್ಯಾಕ್ಟೋನ್ 184, ಶ್ರೀಗಂಧದ ಸ್ಯಾಂಟಲೋಲ್ 220, ಗ್ಯಾಲಕ್ಸೊಲೈಡ್ 258. ಫ್ರೂಟಿ ಫ್ಲೋರಲ್ ಮೈಮೇಲೆ ಬಿಚ್ಚಿಕೊಳ್ಳುವುದು ಹೆಚ್ಚುಕಡಿಮೆ ಈ ಕ್ರಮದಲ್ಲಿಯೇ. ಮೊದಲ 15–30 ನಿಮಿಷ ಮಾವು, ಲಿಚಿ, ಕರಂಟ್. ನಂತರ ಎರಡರಿಂದ ನಾಲ್ಕು ಗಂಟೆ ಮಲ್ಲಿಗೆ, ಸುಗಂಧರಾಜ. ಆರನೆಯ ಗಂಟೆಯ ಮೇಲೆ ಶ್ರೀಗಂಧ, ವೆನಿಲ್ಲಾ, ಕಸ್ತೂರಿ.

ಹಣ್ಣು ಇಡಿಯಾಗಿ ಹಾರುವುದಿಲ್ಲ. ಮಣಿಕಟ್ಟಿನ ಮೇಲೆ ಸಿಂಪಡಿಸಿ ಅರ್ಧ ಗಂಟೆಗೊಮ್ಮೆ ಮೂಸಿದರೆ ವ್ಯತ್ಯಾಸ ತಿಳಿಯುತ್ತದೆ: ಮೊದಲು ಹೋಗುವುದು ಎಸ್ಟರ್‌ನ ರಸ ಮತ್ತು ಗಂಧಕದ ಸೊನೆಘಾಟು, ಉಳಿಯುವುದು 184 ತೂಕದ ಪೀಚ್ ಲ್ಯಾಕ್ಟೋನ್. ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಅದು ದಿನಗಟ್ಟಲೆ ನಿಲ್ಲುತ್ತದೆ. ಮೂರನೆಯ ಗಂಟೆಯಲ್ಲಿ ಸುಗಂಧರಾಜದ ಜತೆ ಸಿಗುವ ಹಣ್ಣು ಮಾವಲ್ಲ. ಪೀಚ್ ಮತ್ತು ತೆಂಗಿನ ನಡುವಿನದು. ಲ್ಯಾಕ್ಟೋನ್‌ನ ಪ್ರಮಾಣ ಹೆಚ್ಚಿರುವ ಸೂತ್ರದಲ್ಲಿ ಹಣ್ಣು ಹೂವಿಗೆ ಅಂಟಿಕೊಂಡು ಬರುತ್ತದೆ. ಎಸ್ಟರ್‌ ಹೆಚ್ಚಿರುವ ಸೂತ್ರದಲ್ಲಿ ಅರ್ಧ ಗಂಟೆಗೆ ಹಣ್ಣು ಮುಗಿದು ಬೇರೊಂದು ಪರ್ಫ್ಯೂಮ್ ಶುರುವಾದಂತಾಗುತ್ತದೆ.

ಬಿಸಿಲು ಈ ಗಡಿಯಾರವನ್ನು ಮುಂದೆ ತಳ್ಳುತ್ತದೆ. ಉಷ್ಣತೆ 25ರಿಂದ 35 ಡಿಗ್ರಿಗೆ ಏರಿದರೆ ಇಂಥ ಅಣುಗಳ ಆವಿ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಏಪ್ರಿಲ್‌ನ ಮಧ್ಯಾಹ್ನ ರಾಯಕೋಟೆಯ ರಸ್ತೆಯಲ್ಲಿ ಹಣ್ಣಿನ ಪದರ ಡಿಸೆಂಬರ್‌ನ ಬೆಳಗಿಗಿಂತ ಅರ್ಧ ಹೊತ್ತಿನಲ್ಲಿ ಮುಗಿಯಬಹುದು. ಮೂಗಿಗೆ ಬಡಿಯುವ ತೀವ್ರತೆಯೂ ಆಗ ಹೆಚ್ಚು. ಬೇಸಿಗೆಗೆ ಕಡಿಮೆ ಸಿಂಪಡಣೆ ಸಾಕು ಎನ್ನುವುದರ ಹಿಂದಿನ ಲೆಕ್ಕ ಇದು.

ತಳದ ಪದರಕ್ಕೆ ಮೈಸೂರಿನದೇ ಪುರಾವೆ ಇದೆ. ಮೈಸೂರು ಸಂಸ್ಥಾನ 1916ರಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಶುರು ಮಾಡಿತು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಭಾರತೀಯ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲೋಲ್ ಶೇ 41–55, ಬೀಟಾ ಸ್ಯಾಂಟಲೋಲ್ ಶೇ 16–24 ಇರಬೇಕು. ಅಂದರೆ ಎಣ್ಣೆಯ ಶೇ 57ರಿಂದ 79 ಭಾಗ ನಿಧಾನವಾಗಿ ಹಾರುವ ಈ ಎರಡು ಅಣುಗಳೇ. ಹಗುರ ಅಣುಗಳನ್ನು ಸ್ವಲ್ಪ ಮಟ್ಟಿಗೆ ಹಿಡಿದು ನಿಲ್ಲಿಸುವ ಕೆಲಸವೂ ಈ ತಳದ್ದೇ.

₹15,000ದಲ್ಲಿ ಹೂವಿನ ಪಾಲು ₹96

ಈಗ ಮಾದರಿ ಬಾಟಲಿ. ಬೆಲೆ ₹15,000, ಪ್ರಮಾಣ 50 ಮಿ.ಲೀ., ತೂಕ ಸುಮಾರು 42.5 ಗ್ರಾಂ ಎಂದಿಟ್ಟುಕೊಳ್ಳೋಣ. ‘ಓ ದ ಪರ್ಫಾಂ’ ಎಂಬ ವರ್ಗದಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ ಶೇ 15–20. ಉಳಿದದ್ದು ಆಲ್ಕೊಹಾಲ್ ಮತ್ತು ನೀರು. ‘ಓ ದ ತ್ವಾಲೆತ್’ನಲ್ಲಿ ಅದು ಶೇ 5–15. ಮಾದರಿ ಬಾಟಲಿಗೆ ಶೇ 18 ಹಿಡಿದರೆ ಸುಗಂಧ 7.65 ಗ್ರಾಂ. ಅದರೊಳಗೆ ಸುಗಂಧರಾಜ ಅಬ್ಸೊಲ್ಯೂಟ್ ಬಾಟಲಿಯ ತೂಕದ ಶೇ 0.5 ಇದೆ ಎಂದುಕೊಂಡರೆ 0.21 ಗ್ರಾಂ.

0.21 ಗ್ರಾಂಗೆ ಬೇಕಾದ ಹೂವು 0.96 ಕೆ.ಜಿ. ಕೆ.ಜಿ.ಗೆ ₹100ರ ದರದಲ್ಲಿ ₹96. ಬಾಟಲಿ ಬೆಲೆಯ ಶೇ 0.64. ದರ ₹200 ಆದರೆ ಶೇ 1.28, ₹50 ಆದರೆ ಶೇ 0.32. ಹೂವಿನ ದರ ನಾಲ್ಕು ಪಟ್ಟು ಏರಿಳಿದರೂ ಅಂಗಡಿ ಬೆಲೆಯಲ್ಲಿ ಅದರ ಪರಿಣಾಮ ಶೇ 1ರೊಳಗೆ. ಒಂದು ಎಕರೆಯ 6 ಟನ್ ಹೂವಿನಿಂದ ಸುಮಾರು 6,300 ಬಾಟಲಿಗೆ ಸುಗಂಧರಾಜ ಒದಗುತ್ತದೆ. ಹೊಲದಲ್ಲಿ ಆ ಹೂವಿನ ಬೆಲೆ ₹6 ಲಕ್ಷ. ಅಂಗಡಿಯಲ್ಲಿ ಆ ಬಾಟಲಿಗಳ ಬೆಲೆ ₹9.45 ಕೋಟಿ.

ಬಳಸುವವರ ಲೆಕ್ಕ ಬೇರೆ. ಒಂದು ಸಿಂಪಡಣೆ ಸುಮಾರು 0.1 ಮಿ.ಲೀ.; ಬಾಟಲಿಗೆ 500 ಸಿಂಪಡಣೆ; ಒಂದಕ್ಕೆ ₹30. ದಿನಕ್ಕೆ ನಾಲ್ಕರಂತೆ ₹120, ಬಾಟಲಿ ಬಾಳುವುದು 125 ದಿನ. ಮೈಗೆ ಬೀಳುವ 0.34 ಗ್ರಾಂನಲ್ಲಿ ಸುಗಂಧ 61 ಮಿ.ಗ್ರಾಂ., ಸುಗಂಧರಾಜದ ಅಬ್ಸೊಲ್ಯೂಟ್ 1.7 ಮಿ.ಗ್ರಾಂ. ಹೂವಿಗೆ ತಿರುಗಿಸಿದರೆ 7.7 ಗ್ರಾಂ. ಬಿಡಿ ಹೂವೊಂದು ಸುಮಾರು ಒಂದು ಗ್ರಾಂ ತೂಗುವುದರಿಂದ ದಿನಕ್ಕೆ ಏಳೆಂಟು ಹೂವು.

ಪರ್ಫ್ಯೂಮ್ 8 ಗಂಟೆ ಬಾಳಿದರೆ ಗಂಟೆಗೆ ₹15. ಮೊದಲ 30 ನಿಮಿಷದ ಮಾವಿಗೆ ಹೊತ್ತಿನ ಲೆಕ್ಕದಲ್ಲಿ ಸಲ್ಲುವುದು ₹7.50, ಒಟ್ಟು ಹೊತ್ತಿನ ಶೇ 6.25. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ತೀರ್ಮಾನಿಸಲು ಗ್ರಾಹಕರು 10 ನಿಮಿಷ ತೆಗೆದುಕೊಂಡರೆ ಅದು 8 ಗಂಟೆಯ ಶೇ 2. ಆ ಶೇ 2ರಲ್ಲಿ ಮೂಗಿಗೆ ಬರುವುದು ಬಹುಪಾಲು ಹಣ್ಣಿನ ಪದರ: ಕೆ.ಜಿ.ಗೆ ಸಾವಿರದ ಲೆಕ್ಕದ ಸಾಮಗ್ರಿ. ಲಕ್ಷದ ಲೆಕ್ಕದ ಸಾಮಗ್ರಿ ಆಗಿನ್ನೂ ಮುಂದೆ ಬಂದಿರುವುದಿಲ್ಲ.

ತೆರಿಗೆ: ಹೂವಿಗೆ ಸೊನ್ನೆ, ಬಾಟಲಿಗೆ ಶೇ 18

ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ; ತಾಜಾ ಮಾವಿಗೂ ಇಲ್ಲ. ಕಾಂಕ್ರೀಟ್, ಅಬ್ಸೊಲ್ಯೂಟ್‌ಗೆ ಶೇ 18, ಪರ್ಫ್ಯೂಮ್‌ಗೂ ಶೇ 18. ₹15,000ದ ಬಾಟಲಿಯಲ್ಲಿ ಜಿಎಸ್‌ಟಿ ₹2,288. ಇದು ಬಾಟಲಿಯೊಳಗಿನ ಸುಗಂಧರಾಜ ಹೂವಿನ ಬೆಲೆಯ ಸುಮಾರು 24 ಪಟ್ಟು.

ಆಮದು ಬಾಟಲಿಯ ಮೇಲಿನ ಹೊರೆ 2017–18ರಲ್ಲಿ ಒಂದೇ ವರ್ಷದೊಳಗೆ ಇಳಿದು ಏರಿತ್ತು. 2017ರ ಜುಲೈನಲ್ಲಿ ಕಸ್ಟಮ್ಸ್ ಸುಂಕ ಶೇ 10, ಅದರ ಮೇಲೆ ಶೇ 3 ಸೆಸ್, ಜಿಎಸ್‌ಟಿ ಶೇ 28; ₹100ರ ಸರಕಿಗೆ ಒಟ್ಟು ₹41.18. ಆ ವರ್ಷದ ನವೆಂಬರ್ 15ರಿಂದ ಜಿಎಸ್‌ಟಿ ಶೇ 18ಕ್ಕೆ ಇಳಿದು ಹೊರೆ ₹30.15 ಆಯಿತು. 2018ರ ಬಜೆಟ್ ಸುಂಕವನ್ನು ಶೇ 20ಕ್ಕೆ ಏರಿಸಿತು. ಶೇ 10 ಸಾಮಾಜಿಕ ಕಲ್ಯಾಣ ಸರ್ಚಾರ್ಜ್ ಸೇರಿ ಹೊರೆ ₹43.96ಕ್ಕೆ ಏರಿತು. ದಕ್ಷಿಣ ಭಾರತದ ಹೂವು ಅಬ್ಸೊಲ್ಯೂಟ್ ಆಗಿ ಫ್ರಾನ್ಸ್‌ಗೆ ಹೋಗಿ ಬಾಟಲಿಯಾಗಿ ಮರಳಿದರೆ, ಮರಳುವ ದಾರಿಯಲ್ಲಿ 2018ರ ಆ ದರದಂತೆ ಅದಕ್ಕೆ ಬೀಳುವ ಹೊರೆ ಇದು.

ಬೆಳೆಗಾರರಿಗೆ ಈ ವ್ಯಾಪಾರ ಎಷ್ಟು ಕೊಡಬಲ್ಲದು

ಕಾರ್ಖಾನೆ ಕೊಡಬಲ್ಲ ಗರಿಷ್ಠ ದರವನ್ನು ಭಾಗಾಕಾರವೇ ಹೇಳುತ್ತದೆ. ಒಂದು ಕೆ.ಜಿ. ಸುಗಂಧರಾಜ ಅಬ್ಸೊಲ್ಯೂಟ್ ₹6 ಲಕ್ಷಕ್ಕೆ ಮಾರಿತು ಎಂದಿಟ್ಟುಕೊಂಡರೆ, 4,500 ಕೆ.ಜಿ.ಗೆ ಹಂಚಿದಾಗ ಕೆ.ಜಿ.ಗೆ ₹133. ದ್ರಾವಕ, ಇಂಧನ, ಕೂಲಿ, ಲಾಭಕ್ಕೆ ಅದರಲ್ಲಿ ಶೇ 40 ಬಿಟ್ಟರೆ ಹೂವಿಗೆ ಉಳಿಯುವುದು ₹80. ಅಬ್ಸೊಲ್ಯೂಟ್ ₹9 ಲಕ್ಷಕ್ಕೆ ಏರಿದರೂ ಹೂವಿಗೆ ಸಿಗುವುದು ₹120. ಹಬ್ಬ, ಮದುವೆಯ ಹಂಗಾಮಿನಲ್ಲಿ ಹಾರದ ಮಾರುಕಟ್ಟೆ ಇದಕ್ಕಿಂತ ಹೆಚ್ಚು ಕೊಡುತ್ತದೆ. ಆಷಾಢದಂಥ ಇಳಿಗಾಲದಲ್ಲಿ ಕಡಿಮೆ ಕೊಡುತ್ತದೆ.

ಆದ್ದರಿಂದ ಕಾರ್ಖಾನೆ ಬೆಳೆಗಾರರಿಗೆ ಒಂದು ಕನಿಷ್ಠ ದರದ ಆಸರೆ ಮಾತ್ರ. ದರ ಏರಿದ ದಿನದ ಗಿರಾಕಿ ಅಲ್ಲ. ಎಕರೆಗೆ 6 ಟನ್‌ನಲ್ಲಿ ಅರ್ಧ ಹೂವು ಹಾರಕ್ಕೆ ₹120ರಂತೆ ಹೋಗಿ, ಉಳಿದರ್ಧ ಇಳಿಗಾಲದಲ್ಲಿ ₹30ಕ್ಕೆ ಮಾರಿದರೆ ಆದಾಯ ₹4.5 ಲಕ್ಷ. ಅದೇ ಉಳಿದರ್ಧವನ್ನು ಕಾರ್ಖಾನೆ ₹80ಕ್ಕೆ ಕೊಂಡರೆ ₹6 ಲಕ್ಷ. ವ್ಯತ್ಯಾಸ ಶೇ 33. ಆದರೆ ಹೆಕ್ಸೇನ್ ಘಟಕ ಹೊಲದ ಹತ್ತಿರ ಇರಬೇಕು. ಬೆಳಗಿನ ಜಾವ ಬಿರಿದ ಹೂವು ರಾಯಕೋಟೆಯಿಂದ ಸತ್ಯಮಂಗಲ ತಲುಪುವಷ್ಟರಲ್ಲಿ ಇಳುವರಿಯ ಒಂದು ಪಾಲು ದಾರಿಯಲ್ಲೇ ಹಾರಿರುತ್ತದೆ.

ಮಾವಿನ ಬೆಳೆಗಾರರಿಗೆ ಈ ಆಸರೆಯೂ ಇಲ್ಲ. ಒಂದು ಕೆ.ಜಿ. ಸುಗಂಧರಾಜದಿಂದ ಸಿಗುವ ಅಬ್ಸೊಲ್ಯೂಟ್ 222 ಮಿ.ಗ್ರಾಂ.; ಒಂದು ಕೆ.ಜಿ. ಮಾವಿನಲ್ಲಿರುವ ವಾಸನೆ ಹೆಚ್ಚೆಂದರೆ 123 ಮಿ.ಗ್ರಾಂ. ಎರಡರ ನಡುವಿನ ಅಂತರ ಎರಡು ಪಟ್ಟಿಗಿಂತ ಕಡಿಮೆ. ಮಾವನ್ನು ಬಾಟಲಿಯಿಂದ ಹೊರಗಿಟ್ಟದ್ದು ಇಳುವರಿಯೊಂದೇ ಅಲ್ಲ, ಪರ್ಯಾಯದ ಬೆಲೆ. ಮಾವಿನ ವಾಸನೆಯನ್ನು ಸಾವಿರ ರೂಪಾಯಿಯ ಅಣುಗಳಿಂದ ಒಪ್ಪುವ ಮಟ್ಟಿಗೆ ಕಟ್ಟಬಹುದು. ಸುಗಂಧರಾಜವನ್ನು ಹಾಗೆ ಕಟ್ಟಿದರೆ ಮೂರನೆಯ ಗಂಟೆಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ₹15,000 ಕೊಡುವವರು ಬಾಟಲಿಯಲ್ಲಿ ನಿಜವಾದ ಹೂವಿದೆಯೇ ಎಂದು ನೋಡಬೇಕಾದದ್ದು ಆ ಗಂಟೆಯಲ್ಲಿ. ಸಿಂಪಡಿಸಿದ 180 ನಿಮಿಷಗಳ ನಂತರವೂ ಹೂವು ನಿಂತಿದ್ದರೆ, ಕೊಟ್ಟ ಹಣದಲ್ಲಿ ಹೊಲಕ್ಕೆ ಹೋಗುವ ಶೇ 0.64 ಹೋಗಿದೆ ಎಂದು ಅಂದಾಜಿಸಬಹುದು.